ಅಮ್ಮನ ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಅಂದಿದ್ದಾರೆ. ಮೊದಲೇ ಏನೆಲ್ಲ ತಿಳಿದುಕೊಂಡಿರಬೇಕು?

ಬಾರ್ಕೂರು ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಮನೆ ಬ್ರಹ್ಮಾವರದ ಹತ್ತಿರ. ನಾನು ಕೆಲಸ ಮಾಡುವುದು ಮಂಗಳೂರಿನಲ್ಲಿ, ವಾರಕ್ಕೊಮ್ಮೆ ಮನೆಗೆ ಹೋಗುತ್ತೇನೆ. ಒಂದು ವರ್ಷದಿಂದ ಅಮ್ಮನಿಗೆ ಆಗಾಗ ಹೊಟ್ಟೆನೋವು. ಯಾವಾಗ ಕೇಳಿದರೂ "ಗ್ಯಾಸ್ಟ್ರಿಕ್, ಸರಿಯಾಗ್ತದೆ ಬಿಡು" ಅನ್ನುತ್ತಿದ್ದರು. ಜೀರಿಗೆ ಕಷಾಯ ಕುಡಿದು ಮಲಗುತ್ತಿದ್ದರು. ನಾವೂ ಸುಮ್ನಿದ್ದೆವು.

ಹೋದ ತಿಂಗಳು ನೆಂಟರ ಮದುವೆ ಊಟ ಮುಗಿಸಿ ಬಂದ ರಾತ್ರಿ ಒಂದು ಗಂಟೆಗೆ ನೋವು ಶುರುವಾಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ. ಅಲ್ಲಿಂದ ಬೆನ್ನಿಗೆ, ಬಲ ಭುಜಕ್ಕೆ. ಅಮ್ಮನಿಗೆ ಮಲಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ, ಚಾವಡಿಯ ಕಂಬ ಹಿಡಿದುಕೊಂಡು ಬಗ್ಗಿ ನಿಂತಿದ್ದರು, ಹಣೆಯಿಂದ ಬೆವರು ಇಳಿಯುತ್ತಿತ್ತು. ಎರಡು ಸಲ ವಾಂತಿ. ನಾಲ್ಕು ಗಂಟೆಯ ಹೊತ್ತಿಗೆ ತಾನಾಗಿಯೇ ಕಡಿಮೆಯಾಯಿತು. ಮರುದಿನ ಏನೂ ಆಗದವರ ಹಾಗೆ ಅಂಗಳ ಗುಡಿಸುತ್ತಿದ್ದರು.

ಆದರೂ ಬಿಡದೆ ಸ್ಕ್ಯಾನಿಂಗ್ ಮಾಡಿಸಿದೆ. ಪಿತ್ತಕೋಶದಲ್ಲಿ ಹಲವು ಕಲ್ಲುಗಳು, ದೊಡ್ಡದು 14 ಮಿಲಿಮೀಟರ್ ಅಂತ ರಿಪೋರ್ಟ್. ಸರ್ಜನ್ ಹತ್ತಿರ ಹೋದಾಗ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ, ಪಿತ್ತಕೋಶವನ್ನೇ ತೆಗೆಯಬೇಕು ಅಂದರು. ಐದೇ ನಿಮಿಷದಲ್ಲಿ ಮಾತು ಮುಗಿಯಿತು. ಹೊರಗೆ ಬಂದ ಮೇಲೆ ಅಮ್ಮ ಕೇಳಿದ್ದು ಇಷ್ಟು: ಕಲ್ಲು ಮಾತ್ರ ತೆಗೆದರೆ ಸಾಲದಾ? ಅಂಗವೇ ಇಲ್ಲದಿದ್ದರೆ ತಿಂದದ್ದು ಕರಗುವುದು ಹೇಗೆ? ಇನ್ನು ಮುಂದೆ ಮೀನು ಸಾರು, ತೆಂಗಿನಕಾಯಿ ಎಲ್ಲ ಬಿಡಬೇಕಾ? ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ.

ಪಕ್ಕದ ಮನೆಯವರು ಬಾಳೆದಿಂಡಿನ ರಸ ಕುಡಿದರೆ ಕಲ್ಲು ಹೋಗ್ತದೆ ಅಂದಿದ್ದಾರೆ. ಅಮ್ಮ ದಿನಾ ಬೆಳಿಗ್ಗೆ ಒಂದು ಲೋಟ ಕುಡಿಯಲು ಶುರು ಮಾಡಿದ್ದಾರೆ. ಅಮ್ಮನಿಗೆ ಶುಗರ್ ಉಂಟು, ಮಾತ್ರೆ ತಗೊಳ್ತಾರೆ. ಆಪರೇಷನ್ ಆದವರು, ಮನೆಯವರಿಗೆ ಮಾಡಿಸಿದವರು ದಯವಿಟ್ಟು ಹೇಳಿ. ಹೆದರಿಸಬೇಡಿ, ಆದರೆ ಮುಚ್ಚಿಡಲೂ ಬೇಡಿ.

ಪಡುಬಿದ್ರಿ ಗಾಳಿ

ನನ್ನದು ಆಗಿ ಮೂರು ವರ್ಷ ಆಯಿತು. ಹಾಗಾಗಿ ನನ್ನ ಅನುಭವದಿಂದಲೇ ಹೇಳುತ್ತೇನೆ.

ಮೊದಲು ಬಾಳೆದಿಂಡಿನ ವಿಷಯ. ನಮ್ಮಲ್ಲಿ ಎಲ್ಲದಕ್ಕೂ "ಕಲ್ಲು" ಅಂತ ಒಂದೇ ಮಾತು, ಅಲ್ಲೇ ಎಡವಟ್ಟಾಗುವುದು. ಬಾಳೆದಿಂಡು ಹೇಳುವುದು ಕಿಡ್ನಿ ಕಲ್ಲಿಗೆ. ಕಿಡ್ನಿ ಕಲ್ಲು ಸಣ್ಣದಿದ್ದರೆ ನೀರು ಜಾಸ್ತಿ ಕುಡಿದಾಗ ಮೂತ್ರದ ಜೊತೆ ಹೋಗಬಹುದು. ಪಿತ್ತಕೋಶ ಮೂತ್ರದ ದಾರಿಯಲ್ಲಿ ಇಲ್ಲವೇ ಇಲ್ಲ. ಅದು ಲಿವರಿನ ಅಡಿಯಲ್ಲಿ ಅಂಟಿಕೊಂಡ ಸಣ್ಣ ಚೀಲ, ಪೇರಳೆ ಹಣ್ಣಿನ ಆಕಾರ. ಅಲ್ಲಿಯ ಕಲ್ಲು ಹೆಚ್ಚಾಗಿ ಕೊಲೆಸ್ಟರಾಲ್ ಗಟ್ಟಿಯಾಗಿ ಆದದ್ದು. ಬಾಳೆದಿಂಡು ತಿಂದರೆ ಕೆಟ್ಟದೇನಿಲ್ಲ, ಪಲ್ಯ ಮಾಡಿ ತಿನ್ನಲಿ. ಆದರೆ ಅದನ್ನು ನಂಬಿಕೊಂಡು ಆಪರೇಷನ್ ಮುಂದೂಡಬೇಡಿ.

ಆಲಿವ್ ಎಣ್ಣೆ, ಲಿಂಬೆರಸ ಕುಡಿದು ಕಲ್ಲು ಬೀಳಿಸುವ ವಿಡಿಯೊಗಳೂ ನಿಮಗೆ ಬಂದಿರಬಹುದು, ಅಥವಾ ಬರುತ್ತವೆ. ನಾನೂ ಅದನ್ನು ಮಾಡಿ ನೋಡಿದವನು. ಮರುದಿನ ಹಸಿರು ಬಣ್ಣದ ಮೆತ್ತನೆಯ ಉಂಡೆಗಳು ಹೋದವು, ಖುಷಿಪಟ್ಟೆ. ಅದು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನ ಹಾಗೆ ಗಟ್ಟಿಯಾದದ್ದಂತೆ. ಆಮೇಲೆ ಸ್ಕ್ಯಾನ್ ಮಾಡಿಸಿದರೆ ಕಲ್ಲುಗಳೆಲ್ಲ ಇದ್ದಲ್ಲೇ ಇದ್ದವು.

ನನಗೂ ನೋವು ಶುರುವಾದಾಗ ಗ್ಯಾಸ್ಟ್ರಿಕ್ ಅಂತಲೇ ಎಣಿಸಿದ್ದೆ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಎರಡು ವರ್ಷ ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಒಂದು ದಿನವೂ ಸ್ಕ್ಯಾನಿಂಗ್ ಮಾಡಿಸು ಅನ್ನಲಿಲ್ಲ, ಅದರ ಬೇಜಾರು ಇವತ್ತಿಗೂ ಉಂಟು. ಗ್ಯಾಸ್ಟ್ರಿಕ್ ಉರಿ ಬೇರೆ, ಇದು ಬೇರೆ. ಇದು ಎಣ್ಣೆ ಪದಾರ್ಥ ತಿಂದ ಮೇಲೆ, ಹೆಚ್ಚಾಗಿ ರಾತ್ರಿ, ಏಕಾಏಕಿ ಬರುತ್ತದೆ. ಏರಿ ಹಾಗೇ ನಿಲ್ಲುತ್ತದೆ, ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು ಇಳಿದುಬಿಡುತ್ತದೆ. ನಿಮ್ಮ ಅಮ್ಮನಿಗೆ ಆದದ್ದು ಅಕ್ಷರಶಃ ಅದೇ. ಪಿತ್ತಕೋಶ ಹಿಂಡುವಾಗ ಕಲ್ಲು ಆ ಚೀಲದ ಬಾಯಿಗೆ ಅಡ್ಡ ನಿಲ್ಲುತ್ತದೆ, ಕಲ್ಲು ಹಿಂದೆ ಜಾರಿದರೆ ನೋವು ಹೋಗುತ್ತದೆ. ನೋವು ಹೋಯಿತು ಅಂದರೆ ಕಲ್ಲು ಹೋಯಿತು ಅಂತಲ್ಲ.

ಇನ್ನು ಊಟ. ಎಣ್ಣೆ, ಕೊಬ್ಬು ಕರಗಲು ಬೇಕಾದ ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ. ಪಿತ್ತಕೋಶ ಅದರಲ್ಲಿ ಸ್ವಲ್ಪವನ್ನು, ಸುಮಾರು 30ರಿಂದ 50 ಮಿಲಿಲೀಟರ್, ಗಟ್ಟಿ ಮಾಡಿ ಇಟ್ಟುಕೊಂಡಿರುತ್ತದೆ ಅಷ್ಟೇ. ಚೀಲ ತೆಗೆದರೆ ರಸ ನೇರವಾಗಿ ಕರುಳಿಗೆ ಹನಿಯುತ್ತಾ ಇರುತ್ತದೆ. ತಿಂದದ್ದು ಕರಗುತ್ತದೆ.

ನಾನು ಮೊದಲ ಎರಡು ದಿನ ಕುಚ್ಚಲಕ್ಕಿ ಗಂಜಿ, ತಿಳಿಸಾರು. ಆಮೇಲೆ ನೀರುದೋಸೆ, ಬೇಯಿಸಿದ ತರಕಾರಿ. ಎರಡನೇ ವಾರ ಬಂಗುಡೆ ಸಾರು ಶುರು ಮಾಡಿದೆ, ತೆಂಗಿನಕಾಯಿ ಕಡಿಮೆ ಹಾಕಿ. ಗೋಳಿಬಜೆ, ಹುರಿದ ಮೀನು, ಕೋರಿರೊಟ್ಟಿ ಒಂದು ತಿಂಗಳು ಬಿಟ್ಟಿದ್ದೆ. ಈಗ ಎಲ್ಲ ತಿನ್ನುತ್ತೇನೆ. ಆದರೆ ಒಂದೇ ಸಲ ಹೊಟ್ಟೆ ಬಿರಿಯ ತುಪ್ಪದ ಊಟ ಮಾಡಿದರೆ ಬೇಗ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ. ಕೆಲವರಿಗೆ ಆಪರೇಷನ್ ಆದ ಮೇಲೆ ಕೆಲವು ವಾರ ಹೊಟ್ಟೆ ಸಡಿಲ ಇರುತ್ತದೆ, ಸ್ವಲ್ಪ ಮಂದಿಗೆ ತಿಂಗಳುಗಟ್ಟಲೆ. ಅದಕ್ಕೂ ಮದ್ದು ಉಂಟು, ಕೊಲೆಸ್ಟಿರಮೈನ್ ಅಂತ ಒಂದು ಪುಡಿ. ನಾಚಿಕೆಪಟ್ಟುಕೊಂಡು ಹೇಳದೆ ಇರಬೇಡಿ.

ಥಿಯೇಟರ್ ಸಿಸ್ಟರ್

ನಾನು ನರ್ಸ್. ಆಪರೇಷನ್ ಥಿಯೇಟರಿನಲ್ಲೇ 26 ವರ್ಷ ಕೆಲಸ ಮಾಡಿ ಈಗ ನಿವೃತ್ತಿ ಆಗಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಈ ಆಪರೇಷನ್ ಎಷ್ಟು ನೋಡಿದ್ದೇನೆ ಅಂತ ಲೆಕ್ಕವಿಲ್ಲ, ಹಾಗಾಗಿ ಬರೆಯಬೇಕು ಅನಿಸಿತು.

"ಕಲ್ಲು ಮಾತ್ರ ತೆಗೆದರೆ ಸಾಲದಾ" ಅಂತ ಪ್ರತಿಯೊಬ್ಬರೂ ಕೇಳುತ್ತಾರೆ. ಸಾಲದು. ಕಲ್ಲು ಹುಟ್ಟಿದ್ದು ಆ ಚೀಲದಲ್ಲಿ, ಚೀಲ ಉಳಿದರೆ ಮತ್ತೆ ಹುಟ್ಟುತ್ತದೆ. ಕರಗಿಸುವ ಮಾತ್ರೆ ಇದೆ, ಆದರೆ ಅದು ತುಂಬಾ ಸಣ್ಣ ಕೊಲೆಸ್ಟರಾಲ್ ಕಲ್ಲಿಗೆ ಮಾತ್ರ, ತಿಂಗಳುಗಟ್ಟಲೆ ತಿನ್ನಬೇಕು, ನಿಲ್ಲಿಸಿದ ಮೇಲೆ ತುಂಬಾ ಜನರಿಗೆ ಮತ್ತೆ ಬರುತ್ತದೆ. 14 ಮಿಲಿಮೀಟರಿನ ಕಲ್ಲಿಗೆ ಅದು ಆಗುವ ಮಾತಲ್ಲ.

ಒಳಗೆ ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ, ಅದಕ್ಕೆ ಹೇಳುತ್ತೇನೆ. ಅರಿವಳಿಕೆ ಕೊಟ್ಟು ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಹೊಕ್ಕುಳ ಹತ್ತಿರ ಒಂದು ತೂತು, ಮೇಲ್ಹೊಟ್ಟೆಯಲ್ಲಿ ಇನ್ನೊಂದು, ಬಲಗಡೆ ಎರಡು ಸಣ್ಣವು. ಒಟ್ಟು ನಾಲ್ಕು. ದೊಡ್ಡದೂ ಒಂದು ಸೆಂಟಿಮೀಟರಿನಷ್ಟೇ. ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್ ಗ್ಯಾಸ್ ತುಂಬಿಸಿ ಜಾಗ ಮಾಡಿಕೊಳ್ಳುತ್ತಾರೆ, ಆಗ ಕ್ಯಾಮೆರಾದಲ್ಲಿ ಎಲ್ಲ ಕಾಣುತ್ತದೆ. ಪಿತ್ತಕೋಶಕ್ಕೆ ಹೋಗುವುದು ಎರಡು: ಒಂದು ಸಣ್ಣ ನಾಳ, ಒಂದು ಸಣ್ಣ ರಕ್ತನಾಳ. ಎರಡಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಲಿವರಿನಿಂದ ಬಿಡಿಸಿ ತೂತಿನಿಂದ ಹೊರಗೆ ತೆಗೆಯುತ್ತಾರೆ. ಟೈಟೇನಿಯಮ್ ಕ್ಲಿಪ್ ಒಳಗೇ ಇರುತ್ತದೆ, ಮುಂದೆ ಎಂಆರ್‌ಐ ಮಾಡಿಸಲು ಅದರಿಂದ ತೊಂದರೆ ಇಲ್ಲ.

ಮುಚ್ಚಿಡಬೇಡಿ ಅಂದಿರಿ, ಅದಕ್ಕೆ ಅಪಾಯವನ್ನೂ ಹೇಳುತ್ತೇನೆ. ಇದರಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ನೋಡುವುದು ದೊಡ್ಡ ಪಿತ್ತನಾಳವನ್ನು. ಲಿವರಿನಿಂದ ಕರುಳಿಗೆ ಹೋಗುವ ಮುಖ್ಯ ದಾರಿ ಅದು, ಸಣ್ಣ ನಾಳದ ಪಕ್ಕದಲ್ಲೇ ಇರುತ್ತದೆ. ಉರಿಯೂತದಿಂದ ಎಲ್ಲ ಅಂಟಿಕೊಂಡಿದ್ದರೆ ಯಾವುದು ಯಾವುದೆಂದು ಗೊತ್ತಾಗುವುದು ಕಷ್ಟ. ಅದಕ್ಕೆ ಏಟಾದರೆ ದೊಡ್ಡ ರಿಪೇರಿ ಬೇಕಾಗುತ್ತದೆ. ಸಾವಿರಕ್ಕೆ ಮೂರರಿಂದ ಐದು ಮಂದಿಗೆ ಹೀಗೆ ಆಗಬಹುದು. ಇದನ್ನು ತಪ್ಪಿಸಲು ಅಮೆರಿಕದ ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಜೊತೆಯವರು 1995ರಲ್ಲಿ ಒಂದು ನಿಯಮ ಬರೆದರು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು ಎಂದು ಸುತ್ತ ಬಿಡಿಸಿ ಕಣ್ಣಾರೆ ನೋಡುವ ತನಕ ಏನನ್ನೂ ಕತ್ತರಿಸಬಾರದು. ಒಳ್ಳೆಯ ಸರ್ಜನ್‌ಗಳು ಆ ಹೊತ್ತಿಗೆ ಕೈ ನಿಲ್ಲಿಸಿ ಸ್ಕ್ರೀನ್ ನೋಡುತ್ತಾರೆ, ಸಹಾಯಕ ಡಾಕ್ಟರಿಗೂ "ನಿನಗೆ ಎರಡು ಕಾಣ್ತಾ ಉಂಟಾ" ಅಂತ ಕೇಳುತ್ತಾರೆ. ಆ ಅರ್ಧ ನಿಮಿಷ ಥಿಯೇಟರಿನಲ್ಲಿ ಮಾನಿಟರ್ ಶಬ್ದ ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಸರಿಯಾಗಿ ಕಾಣದಿದ್ದರೆ ಹೊಟ್ಟೆ ತೆರೆದು ಮಾಡುತ್ತಾರೆ, ಇಲ್ಲವೇ ಪಿತ್ತಕೋಶದ ಸ್ವಲ್ಪ ಭಾಗ ಅಲ್ಲೇ ಬಿಟ್ಟು ಉಳಿದದ್ದು ತೆಗೆಯುತ್ತಾರೆ. ಎಷ್ಟೋ ಮನೆಯವರು "ಕೀಹೋಲ್ ಅಂತ ಹೇಳಿ ಕೊಯ್ದುಬಿಟ್ಟರು" ಅಂತ ಬೇಸರ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಎಣಿಸಬೇಡಿ. ತೆರೆದದ್ದು ನಿಮ್ಮವರ ನಾಳ ಉಳಿಸಲಿಕ್ಕೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ "ಅಗತ್ಯ ಬಿದ್ದರೆ ಓಪನ್" ಅಂತ ಬರೆದಿರುತ್ತದೆ, ಅದನ್ನು ಅಮ್ಮನಿಗೂ ಓದಿ ಹೇಳಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಚ್ಚಿನವು ಓಪನ್ನೇ ಇದ್ದವು, ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ ಒಂದು ಗೇಣು ಗಾಯ. ಭಾರತದಲ್ಲಿ ಲ್ಯಾಪರೋಸ್ಕೋಪಿಯಲ್ಲಿ ಇದನ್ನು ಮೊದಲು ಮಾಡಿದ್ದು ಮುಂಬೈನಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ. ಈಗ ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ.

ಅಮ್ಮನ ಶುಗರ್ ಮಾತ್ರೆಯ ಹೆಸರು ಏನು? ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಏನಾದರೂ ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ.

ಬಾರ್ಕೂರು ದಾರಿ

ಸಿಸ್ಟರ್, ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಪಟ್ಟಿ ಓದಿಸಿದೆ. ಮೆಟ್‌ಫಾರ್ಮಿನ್ ಜೊತೆಗೆ ಡಾಪಾಗ್ಲಿಫ್ಲೋಜಿನ್ 10 ಉಂಟು! ಸರ್ಜನ್ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಶುಗರಿಗೆ ಮಾತ್ರೆ ತಗೊಳ್ತಾರೆ" ಅಂತ ಅಷ್ಟೇ ಹೇಳಿದ್ದು. ಇದರಿಂದ ಏನು ತೊಂದರೆ?

ಥಿಯೇಟರ್ ಸಿಸ್ಟರ್

ಆ ಗುಂಪಿನ ಮಾತ್ರೆ ತಗೊಂಡು ಉಪವಾಸ ಇದ್ದರೆ, ಆಪರೇಷನ್ ಆದರೆ, ಕೆಲವರಿಗೆ ರಕ್ತದಲ್ಲಿ ಕೀಟೋನ್ (ಮೈಯ ಕೊಬ್ಬು ಕರಗುವಾಗ ಹುಟ್ಟುವ ವಸ್ತು) ಏರಿ ಆಮ್ಲ ಜಾಸ್ತಿಯಾಗುತ್ತದೆ. ಶುಗರ್ ಮೀಟರಿನಲ್ಲಿ ಅಷ್ಟೇನೂ ಜಾಸ್ತಿ ತೋರಿಸದೆ ಇರಬಹುದು, ಅದೇ ಅದರ ಕಷ್ಟ. ಅದಕ್ಕೆ ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಶುಗರ್ ಡಾಕ್ಟರನ್ನೂ ಅರಿವಳಿಕೆ ಡಾಕ್ಟರನ್ನೂ ಕೇಳಿ, ಬದಲಿಗೆ ಏನು ತಗೊಳ್ಳಬೇಕು, ಯಾವತ್ತು ಮತ್ತೆ ಶುರು ಮಾಡಬೇಕು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ಇದ್ದರೂ ಹೀಗೆಯೇ. ಕಷಾಯ, ಲೇಹ್ಯ, ನಾಟಿ ಮದ್ದು ಏನಿದ್ದರೂ ಹೇಳಿಬಿಡಿ. ಯಾರೂ ಬೈಯುವುದಿಲ್ಲ. ಎಲ್ಲ ಮಾತ್ರೆಯ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಹಾಗೇ ತಗೊಂಡು ಹೋಗಿ, ಬಾಯಲ್ಲಿ ಹೇಳುವುದಕ್ಕಿಂತ ಅದು ಒಳ್ಳೆಯದು.

ಇನ್ನೊಂದು ಮಾತು. ಶುಗರ್ ಇರುವ, ಐವತ್ತು ದಾಟಿದ ಹೆಂಗಸರಿಗೆ ಮೇಲ್ಹೊಟ್ಟೆ ನೋವು ಬಂದರೆ ಅದು ಹೃದಯದ್ದೂ ಆಗಿರಬಹುದು. ಇಸಿಜಿ ಆಗಿದೆಯಾ ಅಂತ ನೋಡಿಕೊಳ್ಳಿ. ಆಪರೇಷನ್‌ಗೆ ಮೊದಲು ಹೇಗೂ ಮಾಡುತ್ತಾರೆ, ಆದರೆ ರಾತ್ರಿ ಮತ್ತೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಕದ್ರಿ ಗುಡ್ಡೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ನನ್ನ ಅಪ್ಪನಿಗೆ ಬೇರೆ ಏನಕ್ಕೋ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಯಾವತ್ತೂ ನೋವು ಬಂದವರಲ್ಲ. ಮನೆಯಲ್ಲಿ ಎಲ್ಲರೂ ಗಾಬರಿಯಾಗಿ ತೆಗೆಸಿಬಿಡೋಣ ಅಂದೆವು. ಸರ್ಜನ್ನೇ ಬೇಡ ಅಂದರು. ಸುಮ್ಮನೆ ಇರುವ ಕಲ್ಲು ಹೆಚ್ಚಿನವರಿಗೆ ಜೀವಮಾನ ಪೂರ್ತಿ ಸುಮ್ಮನೆಯೇ ಇರುತ್ತದೆ, ಅದಕ್ಕೆ ಅರಿವಳಿಕೆ, ಕತ್ತರಿ ಎಲ್ಲ ಯಾಕೆ ಅಂದರು. ಆರು ವರ್ಷ ಆಯಿತು, ಅಪ್ಪ ಆರಾಮ ಇದ್ದಾರೆ. ನೋವು ಇಲ್ಲದಿದ್ದರೂ ತೆಗೆಯಬೇಕಾದವರು ಕೆಲವರು ಇದ್ದಾರೆ, ಮೂರು ಸೆಂಟಿಮೀಟರ್ ದಾಟಿದ ಕಲ್ಲು ಇರುವವರು, ಪಿತ್ತಕೋಶದ ಒಳಗೋಡೆಯಲ್ಲಿ ಒಂದು ಸೆಂಟಿಮೀಟರಿನಷ್ಟು ಪಾಲಿಪ್, ಅಂದರೆ ಸಣ್ಣ ಗಂಟು, ಇರುವವರು, ಪಿತ್ತಕೋಶದ ಗೋಡೆಯೇ ಸುಣ್ಣಗಟ್ಟಿದವರು. ಅವರಲ್ಲಿ ಕ್ಯಾನ್ಸರಿನ ಭಯ ಇರುತ್ತದೆ.

ಆದರೆ ನಿಮ್ಮ ಅಮ್ಮನದು ಹಾಗಲ್ಲ. ಒಮ್ಮೆ ಈ ತರಹ ನೋವು ಶುರುವಾದ ಮೇಲೆ ಅದು ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಡಾಕ್ಟರ್ ಹೇಳಿದ್ದು ಸರಿ ಅಂತಲೇ ನನಗೂ ಅನಿಸುತ್ತದೆ. ಓದುವ ಬೇರೆಯವರು ಬರೀ ರಿಪೋರ್ಟಿನಲ್ಲಿ "ಕಲ್ಲು" ಅಂತ ನೋಡಿ ಓಡಬಾರದು ಅಂತ ಇಷ್ಟು ಬರೆದೆ.

ಉಳ್ಳಾಲ ಸೇತುವೆ

ನಾವು ಮುಂದೂಡಿದವರು. ಅದನ್ನು ಹೇಳಲೇಬೇಕು.

ನನ್ನ ಹೆಂಡತಿಗೆ ಎರಡು ಸಲ ನೋವು ಬಂದು ಹೋಗಿತ್ತು. ಮಗಳ ಪರೀಕ್ಷೆ ಮುಗಿಯಲಿ, ಮಳೆ ಮುಗಿಯಲಿ, ನವರಾತ್ರಿ ಕಳೆಯಲಿ ಅಂತ ಎಂಟು ತಿಂಗಳು ತಳ್ಳಿದೆವು. ಒಂದು ದಿನ ಬೆಳಿಗ್ಗೆ ಕನ್ನಡಿ ಎದುರು ನಿಂತು "ನನ್ನ ಕಣ್ಣು ಹಳದಿ ಕಾಣ್ತಾ ಉಂಟಾ ನೋಡಿ" ಅಂದಳು. ಮೂತ್ರ ಕಡು ಚಹಾದ ಬಣ್ಣ ಆಗಿ ಎರಡು ದಿನ ಆಗಿತ್ತಂತೆ, ಬಿಸಿಲಿಗೆ ಇರಬಹುದು ಅಂತ ಹೇಳಿರಲಿಲ್ಲ. ಸಂಜೆಗೆ ಚಳಿ ಹಿಡಿದು ನಡುಗಲು ಶುರುವಾಯಿತು. ಒಂದು ಸಣ್ಣ ಕಲ್ಲು ಪಿತ್ತಕೋಶದಿಂದ ಜಾರಿ ದೊಡ್ಡ ಪಿತ್ತನಾಳದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದರ ಹಿಂದೆ ಪಿತ್ತ ಕಟ್ಟಿ ಸೋಂಕಾಗಿತ್ತು. ಎಂಆರ್‌ಸಿಪಿ ಅಂತ ಒಂದು ಸ್ಕ್ಯಾನ್, ಆಮೇಲೆ ಬಾಯಿಯ ಮೂಲಕ ಕೊಳವೆ ಹಾಕಿ ನಾಳದ ಕಲ್ಲು ತೆಗೆಯುವ ಇಆರ್‌ಸಿಪಿ, ಆಮೇಲೆ ಪಿತ್ತಕೋಶದ ಆಪರೇಷನ್. ಒಂದು ಹೋಗಿ ಮೂರಾಯಿತು. ಖರ್ಚೂ ಹಾಗೆಯೇ. ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನಿಗೆ ಅದೇ ತರಹ ಕಲ್ಲು ಜಾರಿ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಂಡು ಐಸಿಯುಗೆ ಹೋದದ್ದನ್ನು ನೋಡಿದೆ. ವಿಚಿತ್ರ ಅಂದರೆ ಜಾರುವುದು ಹೆಚ್ಚಾಗಿ ಸಣ್ಣ ಕಲ್ಲುಗಳು. "ಚಿಕ್ಕದಲ್ವಾ" ಅಂತ ಸಮಾಧಾನ ಮಾಡಿಕೊಳ್ಳಬಾರದು.

ಹಾಗಾಗಿ ಆಪರೇಷನ್‌ಗೆ ಮೊದಲು ಡಾಕ್ಟರನ್ನು ಕೇಳಿ: ಲಿವರ್ ಟೆಸ್ಟ್ ಹೇಗಿದೆ? ದೊಡ್ಡ ನಾಳ ಅಗಲ ಆಗಿದೆಯಾ? ಅದರಲ್ಲಿ ಕಲ್ಲು ಇರಬಹುದಾ? ಈ ಮೂರು ಕೇಳಿದರೆ ಅವರೇ ಮುಂದಿನದ್ದು ವಿವರಿಸುತ್ತಾರೆ. ದಿನ ಹತ್ತಿರ ಬರುವ ಮೊದಲೇ ಜ್ವರ, ಕಣ್ಣು ಹಳದಿ, ಆರು ಗಂಟೆಗಿಂತ ಜಾಸ್ತಿ ಬಿಡದ ನೋವು ಇದರಲ್ಲಿ ಯಾವುದು ಬಂದರೂ ಸೀದಾ ಎಮರ್ಜೆನ್ಸಿಗೆ.

ಅಜ್ಜರಕಾಡು

ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇಕಡ 30 ಮಾತ್ರ ಸರ್ಕಾರ ಕೊಡುತ್ತದೆ, ಉಳಿದದ್ದು ನಿಮ್ಮದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಿಮಗೆ ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನಲ್ಲಿ ಆದರೆ ವೆನ್ಲಾಕ್ ಆಸ್ಪತ್ರೆ. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ತಗೊಂಡು ಯೋಜನೆಯಲ್ಲಿರುವ ಬೇರೆ ಆಸ್ಪತ್ರೆಗೆ. ಪತ್ರ ಇಲ್ಲದೆ ಅಡ್ಮಿಟ್ ಆಗಿ ಆಮೇಲೆ ಓಡಾಡಿದವರನ್ನು ನೋಡಿದ್ದೇನೆ, ತುಂಬಾ ಕಷ್ಟ. ಎಮರ್ಜೆನ್ಸಿಯಲ್ಲಿ ಪತ್ರ ಬೇಡ.

ಖಾಸಗಿ ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ಓದಿ. ಪಿತ್ತಕೋಶದ ಕಲ್ಲಿಗೆ ಎರಡು ವರ್ಷ ಕಾಯುವ ಅವಧಿ ತುಂಬಾ ಪಾಲಿಸಿಗಳಲ್ಲಿ ಇರುತ್ತದೆ. ನನ್ನ ಅತ್ತೆಗೆ ಅದು ಗೊತ್ತಾದದ್ದು ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನಲ್ಲಿ.

ಪಡುಬಿದ್ರಿ ಗಾಳಿ

ಆಪರೇಷನ್ ಆದ ಮೇಲಿನ ಒಂದು ವಿಷಯ ಮರೆತಿದ್ದೆ. ಭುಜದ ನೋವು. ಮರುದಿನ ಗಾಯಕ್ಕಿಂತ ಜಾಸ್ತಿ ನನಗೆ ನೋವಾದದ್ದು ಬಲ ಭುಜ. ಯಾರೂ ಮೊದಲೇ ಹೇಳಿರಲಿಲ್ಲ, ಹೃದಯಾಘಾತ ಅಂತ ಎಣಿಸಿ ರಾತ್ರಿ ಬೆಲ್ ಒತ್ತಿದ್ದೆ. ಒಳಗೆ ತುಂಬಿಸಿದ ಗ್ಯಾಸಿನಿಂದ ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕಿರಿಕಿರಿಯಾಗಿ, ಅದೇ ನರದ ದಾರಿಯಲ್ಲಿ ಭುಜದಲ್ಲಿ ನೋವು ಗೊತ್ತಾಗುವುದಂತೆ. ಎದ್ದು ನಡೆದಾಡಿದರೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ. ಅದರ ಜೊತೆ ಎದೆ ಬಿಗಿತ, ಉಸಿರಾಟಕ್ಕೆ ಕಷ್ಟ ಇದ್ದರೆ ಮಾತ್ರ ಕೂಡಲೇ ಕರೆಯಬೇಕು.

ಮನೆ ಕೆಲಸದ ಬಗ್ಗೆ: ನಾನು ಹತ್ತನೇ ದಿನ ಆಫೀಸಿಗೆ ಹೋದೆ. ಆದರೆ ಅಮ್ಮಂದಿರನ್ನು ತಡೆಯುವುದು ಕಷ್ಟ. ಬಾವಿಯಿಂದ ನೀರು ಸೇದುವುದು, ತುಂಬಿದ ಕೊಡ ಎತ್ತುವುದು, ಅಕ್ಕಿ ಮೂಟೆ ಎಳೆಯುವುದು ಒಂದು ತಿಂಗಳು ಬೇಡವೇ ಬೇಡ. ಹೊಕ್ಕುಳ ಹತ್ತಿರದ ಗಾಯ ಒಳಗೆ ಗಟ್ಟಿಯಾಗುವ ಮೊದಲು ಭಾರ ಎತ್ತಿದರೆ ಹರ್ನಿಯಾ ಆಗಬಹುದು. ನೀವು ವಾರಕ್ಕೊಮ್ಮೆ ಹೋಗುವವರು, ಹಾಗಾಗಿ ಒಂದು ತಿಂಗಳಿಗೆ ಪಂಪಿನ ವ್ಯವಸ್ಥೆಯೋ ಜನವೋ ಮೊದಲೇ ನೋಡಿಕೊಳ್ಳಿ. ಮೆಲ್ಲ ನಡೆಯುವುದು, ಮೆಟ್ಟಿಲು ಹತ್ತುವುದು ಎಲ್ಲ ಮೊದಲ ದಿನದಿಂದಲೇ ಒಳ್ಳೆಯದು.

ಥಿಯೇಟರ್ ಸಿಸ್ಟರ್

ಇವರು ಹೇಳಿದ್ದು ಸರಿ. ನಾನು ಎರಡು ಸೇರಿಸುತ್ತೇನೆ.

ದಿನದಿಂದ ದಿನಕ್ಕೆ ನೋವು ಇಳಿಯಬೇಕು. ಇದನ್ನು ಗಟ್ಟಿಯಾಗಿ ನೆನಪಿಡಿ. ಎರಡು ದಿನ ಚೆನ್ನಾಗಿದ್ದು ಮೂರನೇ, ನಾಲ್ಕನೇ ದಿನ ಹೊಟ್ಟೆನೋವು ಜಾಸ್ತಿಯಾದರೆ, ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ವಾಪಸ್ ಹೋಗಿ. ಪಿತ್ತ ಒಳಗೆ ಸೋರುತ್ತಿದ್ದರೆ ಹೀಗೆ ಆಗುತ್ತದೆ. ಬೇಗ ಹಿಡಿದರೆ ಹೆಚ್ಚಾಗಿ ಸರಿಪಡಿಸಬಹುದು. "ಆಪರೇಷನ್ ಆದದ್ದಲ್ವಾ, ನೋವು ಇರುತ್ತದೆ" ಅಂತ ಮನೆಯಲ್ಲಿ ನಾಲ್ಕು ದಿನ ಕಳೆದು ಬಂದವರ ಮುಖ ನನಗೆ ಇನ್ನೂ ಕಣ್ಣೆದುರು ಇದೆ. ಡಿಸ್ಚಾರ್ಜ್ ಆಗುವಾಗ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದುಕೊಳ್ಳಿ. ನೀವು ಮಂಗಳೂರಿನಲ್ಲಿ ಇರುವವರಾದ್ದರಿಂದ ಆ ನಂಬರ್ ಅಮ್ಮನ ಹತ್ತಿರ ಇರಲಿ, ಪಕ್ಕದ ಮನೆಯವರ ಹತ್ತಿರವೂ ಇರಲಿ.

ಎರಡನೆಯದು ಬಯಾಪ್ಸಿ. ತೆಗೆದ ಪಿತ್ತಕೋಶವನ್ನು ಲ್ಯಾಬಿಗೆ ಕಳುಹಿಸುತ್ತಾರೆ. ನಿಮಗೆ ಒಂದು ಸಣ್ಣ ಡಬ್ಬಿಯಲ್ಲಿ ಕಲ್ಲುಗಳನ್ನು ಕೊಡುತ್ತಾರೆ, ಮನೆಯವರೆಲ್ಲ ಅದನ್ನು ಅಲ್ಲಾಡಿಸಿ ನೋಡುತ್ತಾರೆ, ಊರಿಗೆಲ್ಲ ತೋರಿಸುತ್ತಾರೆ. ಆದರೆ ರಿಪೋರ್ಟ್ ತರಲು ಎಷ್ಟೋ ಮಂದಿ ಬರುವುದೇ ಇಲ್ಲ. ಸಾವಿರಾರು ರಿಪೋರ್ಟುಗಳಲ್ಲಿ ಹೆಚ್ಚಿನವು ಬರೀ ಹಳೆಯ ಉರಿಯೂತ. ಆದರೆ ಕ್ಯಾನ್ಸರ್ ಇದ್ದರೆ ಗೊತ್ತಾಗುವುದು ಆ ಹಾಳೆಯಲ್ಲೇ, ಆರಂಭದಲ್ಲೇ ಗೊತ್ತಾದರೆ ಅದರ ಬೆಲೆ ಕಟ್ಟಲು ಆಗುವುದಿಲ್ಲ. ತಪ್ಪದೆ ತಗೊಂಡು ಸರ್ಜನ್‌ಗೆ ತೋರಿಸಿ.

ಬಾರ್ಕೂರು ದಾರಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಅಮ್ಮನ ಆಪರೇಷನ್ ಹೋದ ಬುಧವಾರ ಆಯಿತು.

ನಿಮ್ಮ ಮಾತಿನ ಹಾಗೆ ಮಾತ್ರೆಯ ಚೀಲ ಹಿಡಿದುಕೊಂಡು ಮತ್ತೆ ಸರ್ಜನ್ ಹತ್ತಿರ ಹೋದೆ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಈ ಸಲ ಅವರು ಅರ್ಧ ಗಂಟೆ ಕೂತು ಚಿತ್ರ ಬರೆದು ತೋರಿಸಿದರು. ಲಿವರ್ ಟೆಸ್ಟ್ ಸರಿ ಇತ್ತು, ನಾಳ ಅಗಲ ಆಗಿರಲಿಲ್ಲ, ಹಾಗಾಗಿ ಬೇರೆ ಸ್ಕ್ಯಾನ್ ಬೇಕಾಗಲಿಲ್ಲ. ಅರಿವಳಿಕೆ ಡಾಕ್ಟರ್ ಡಾಪಾಗ್ಲಿಫ್ಲೋಜಿನ್ ಮೂರು ದಿನ ಮೊದಲೇ ನಿಲ್ಲಿಸಿದರು, ಶುಗರನ್ನು ಇನ್ಸುಲಿನ್‌ನಲ್ಲಿ ನೋಡಿಕೊಂಡರು. ಆಪರೇಷನ್ ಒಂದೂಕಾಲು ಗಂಟೆ. ಸ್ವಲ್ಪ ಅಂಟಿಕೊಂಡಿತ್ತಂತೆ, ಆದರೆ ಓಪನ್ ಮಾಡಬೇಕಾಗಲಿಲ್ಲ. ಒಳಗೆ ಸೇರಿದ ನೀರು ಹೊರಬರಲು ಒಂದು ಡ್ರೈನ್ ಪೈಪ್ ಇಟ್ಟಿದ್ದರು, ಮರುದಿನ ತೆಗೆದರು.

ಗುರುವಾರ ಬೆಳಿಗ್ಗೆ ಅಮ್ಮ ಎಚ್ಚರಾದವರೇ ಬಲ ಭುಜ ಹಿಡಿದುಕೊಂಡು "ಇದೇ ಅಲ್ವಾ ನೀನು ಹೇಳಿದ ಗ್ಯಾಸ್ ನೋವು" ಅಂದರು. ಹೆದರಲಿಲ್ಲ. ನನ್ನ ಕೈ ಹಿಡಿದುಕೊಂಡು ವಾರ್ಡಿನ ಕಾರಿಡಾರಿನಲ್ಲಿ ಕಿಟಕಿಯ ತನಕ ನಡೆದರು, ಅಲ್ಲಿ ನಿಂತು ಹೊರಗೆ ಮಳೆ ನೋಡಿದರು, ಮತ್ತೆ ವಾಪಸ್ ನಡೆದರು. ಶುಕ್ರವಾರ ಮನೆಗೆ ಬಂದೆವು. ಈಗ ಗಂಜಿ, ತಿಳಿಸಾರು, ದೋಸೆ ಆಗಿದೆ. ನಿನ್ನೆ ಸ್ವಲ್ಪ ಹೊಟ್ಟೆ ಸಡಿಲ ಆಗಿತ್ತು, ಇವತ್ತು ಸರಿ ಇದ್ದಾರೆ. ನೀರು ಸೇದಲು ತಂಗಿ ಬಂದಿದ್ದಾಳೆ, ತಿಂಗಳು ಇರುತ್ತಾಳೆ.

ಕಲ್ಲಿನ ಡಬ್ಬಿ ಕೊಟ್ಟಿದ್ದಾರೆ. ಹನ್ನೊಂದು ಇವೆ, ಒಂದು ನೆಲ್ಲಿಕಾಯಿ ಬೀಜದಷ್ಟು, ಉಳಿದವು ಮೆಣಸಿನಕಾಳಿನ ಹಾಗೆ. ಪಕ್ಕದ ಮನೆಯವರು ಬಂದು ನೋಡಿ ಹೋದರು. ಬಯಾಪ್ಸಿ ರಿಪೋರ್ಟ್ ಸೋಮವಾರ ಬರುತ್ತದಂತೆ. ಅರ್ಧ ದಿನ ರಜೆ ಹಾಕಿದ್ದೇನೆ, ನಾನೇ ಹೋಗಿ ತರುತ್ತೇನೆ.